ಡುಮ್ಮಣ್ಣನ ಹೊಟ್ಟೆಯೊಳಗೆ

ಊರವರ ಕೊಳೆಯನ್ನೆಲ್ಲ ತೊಳೆಯುವ ಮನೆಯಲ್ಲಿ ನೀರಿನ ಮುಖವನ್ನೇ ಕಾಣದ ವಸ್ತು ಒಂದಿತ್ತು ಅಂದರೆ ನೀವು ನಂಬಬೇಕು. ಅದು ಡುಮ್ಮಣ್ಣ. ಕಂದು ಬಟ್ಟೆಯ ಕರಡಿ. ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ, ಹೊಟ್ಟೆಯೋ ಜೋಲು ಜೋಲು. ಹೆಸರಿಗಷ್ಟೇ ಡುಮ್ಮ. ಲಾಂಡ್ರಿ ನಡೆಸುತ್ತಿದ್ದ ತಾಯಿ ದಿಂಬಿನ ಕವರು ಚೂರು ಮಾಸಿದರೂ ಕೆಂಡಾಮಂಡಲವಾಗುತ್ತಿದ್ದಳು. ಡುಮ್ಮಣ್ಣನನ್ನು ಮಾತ್ರ ಬಕೆಟ್ಟಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಕೇಳಿದರೆ, "ಬಣ್ಣ ಬಿಡುತ್ತೆ" ಅನ್ನುತ್ತಿದ್ದಳು. ಅದು ಎಲ್ಲಿಂದ ಬಂತು ಎಂದು ಪುಟ್ಟ ಮಗಳು ಕೇಳಿದರೆ, ಒಂದು ದಿನ ಪೇಟೆಯಿಂದ ಬಂದಿರುತ್ತಿತ್ತು, ಇನ್ನೊಂದು ದಿನ ಬಸ್ಸಿನ ಸೀಟಿನ ಕೆಳಗೆ ಸಿಕ್ಕಿರುತ್ತಿತ್ತು. ಸುಳ್ಳು ಹೇಳಲು ಬಾರದ ಹೆಂಗಸು ಇದೊಂದು ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದಳು.

ಈಗ ಲಾಂಡ್ರಿ ಮಗಳದು, ಅವಳಿಗೂ ಕೂದಲು ನರೆತಿದೆ. ತಾಯಿಯ ಕಣ್ಣಿಗೆ ಪೊರೆ ಬಂದು, ಅವಳು ಎಷ್ಟೋ ವರ್ಷದಿಂದ ಎಲ್ಲವನ್ನೂ ಮುಟ್ಟಿ, ಮೂಸಿ ಗುರುತಿಸುತ್ತಿದ್ದಳು. ಮಧ್ಯಾಹ್ನವಾದರೆ ಡುಮ್ಮಣ್ಣನನ್ನು ಮೂಗಿಗೆ ಒತ್ತಿಕೊಂಡು ಕೂರುವಳು. "ಅಮ್ಮಂಗೆ ಅರಳುಮರಳು" ಎಂದು ಮಗಳು ನಗುತ್ತಿದ್ದಳು. ಕೊನೆಗೂ ಆಪರೇಷನ್ ಆಯಿತು. ತಾಯಿ ಆಸ್ಪತ್ರೆಯಲ್ಲಿದ್ದಾಗ ಮಗಳಿಗೆ ಒಂದು ಯೋಚನೆ ಬಂತು. ಹೊಸ ಕಣ್ಣು ಬಿಟ್ಟು ಅಮ್ಮ ನೋಡಬೇಕಾದ್ದು ಆ ಕೊಳಕು ಕರಡಿಯನ್ನೇ? ಈಗಿನ ಸೋಪಿಗೆ ಯಾವ ಬಣ್ಣವೂ ಬಿಡುವುದಿಲ್ಲ. ಬೇಡ ಅನ್ನುವವರು ಮನೆಯಲ್ಲಿರಲಿಲ್ಲ, ಅದೇ ಗ್ರಹಚಾರ.

ಹೊಟ್ಟೆಯ ಹೊಲಿಗೆ ಬಿಚ್ಚಿದಳು. ಒಳಗೆ ಹತ್ತಿಯ ಬದಲು ಬಟ್ಟೆ ಇತ್ತು. ಉದ್ದ ತೋಳಿನ ಒಂದು ಪುಟ್ಟ ಅಂಗಿ, ಒಂದು ಬನಿಯನ್, ಕಿವಿ ಮುಚ್ಚುವ ಟೋಪಿ, ಒಂಟಿ ಕಾಲುಚೀಲ. ಗಿರಾಕಿಗಳು ಬಿಟ್ಟುಹೋದ ಚಿಂದಿ ಇರಬೇಕು ಅಂದುಕೊಂಡಳು. ಬನಿಯನ್ನಿನ ಎದೆಯ ಮೇಲೆ ಔಷಧಿ ಚೆಲ್ಲಿದ ಹಾಗೆ ಹಳದಿ ಕಲೆ. ಕಲೆ ಕಂಡರೆ ಅವಳ ಕೈ ಸುಮ್ಮನಿರದು. ಸೋಡಾ ಹಾಕಿ ಕುದಿಸಿದಳು, ಉಜ್ಜಿದಳು, ಮೆಷಿನ್ ಒರೆಸಲು ಆಗುತ್ತವೆ ಎಂದು ಹಿತ್ತಲ ತಂತಿಗೆ ಕ್ಲಿಪ್ಪು ಹಾಕಿ ಹರವಿದಳು. ಕರಡಿಯನ್ನೂ ಒಗೆದು, ಒಣಗಿಸಿ, ಹೊಸ ಹತ್ತಿ ಗಿಡಿದು ತುಂಬಿ ಹೊಲಿದಳು. ಡುಮ್ಮಣ್ಣ ಕಡೆಗೂ ಹೆಸರಿಗೆ ತಕ್ಕ ಡುಮ್ಮನಾದ.

ಮರುದಿನ ತಾಯಿ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದಳು. ಕಣ್ಣಿಗೆ ನೀರು ತಾಗಬಾರದು, ಉಜ್ಜಬಾರದು, ಅಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಗಳು ಡುಮ್ಮಣ್ಣನನ್ನು ತಂದು ಅವಳ ಮಡಿಲಲ್ಲಿಟ್ಟಳು. ತಾಯಿ ನೋಡಲಿಲ್ಲ, ಅಭ್ಯಾಸಬಲ, ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು.

"ಇದು ಯಾವುದೇ?"

"ನಮ್ಮ ಡುಮ್ಮಣ್ಣನೇ ಅಮ್ಮ. ಒಗೆದೆ. ನೋಡು, ಮದುಮಗನ ಥರ ಆಗಿದಾನೆ."

"ಒಳಗಿದ್ದದ್ದು?"

"ಅದನ್ನೂ ಒಗೆದೆ. ಹಿತ್ತಲ ತಂತಿ ಮೇಲೇ ಇದೆ."

ತಾಯಿ ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಅಷ್ಟು ವರ್ಷಗಳ ಮೇಲೆ ಅವಳ ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು, ಬಿಸಿಲಿನಲ್ಲಿ ಬೆಳ್ಳಗೆ ಆಡುತ್ತಿದ್ದ ಎರಡು ಪುಟ್ಟ ತೋಳುಗಳು.

"ನಿನಗಿಂತ ಮುಂಚೆ ಒಬ್ಬ ಇದ್ದ ಕಣೆ," ಅಂದಳು. "ಎದೇಲಿ ಯಾವಾಗ್ಲೂ ಗೊರಗೊರ ಅನ್ನೋದು. ನಡೆಯೋಕೆ ಕಲಿಯೋ ಹೊತ್ತಿಗೆ ಹೋಗ್ಬಿಟ್ಟ. ಬಟ್ಟೆ ಯಾರಿಗಾದ್ರೂ ಕೊಟ್ಬಿಡು, ಮರೆತುಬಿಡು ಅಂದ್ರು ಎಲ್ಲರೂ. ಒಗೆದು ಕೊಡೋಣ ಅಂತ ತಗೊಂಡೆ. ನೀರಿಗೆ ಹಾಕೋಕೆ ಕೈ ಬರಲಿಲ್ಲ. ಅವನ ವಾಸನೆ ಇತ್ತಲ್ಲ ಅದ್ರಲ್ಲಿ. ಅದಕ್ಕೇ ಕರಡಿ ಹೊಲಿದು ಅದರ ಹೊಟ್ಟೇಲಿ ಬಚ್ಚಿಟ್ಟೆ. ನಿನಗೆ ಅಂತ ಹೊಲಿದಿದ್ದಲ್ಲ. ನೀನೇ ಅಂಬೆಗಾಲಿಟ್ಕೊಂಡು ಬಂದು ಕಿತ್ಕೊಂಡೆ. ತಂಗಿ ತಾನೇ, ಆಡ್ಕೊಳ್ಳಲಿ ಅಂತ ಬಿಟ್ಟೆ."

ಬುದ್ಧಿ ಬಂದಾಗಿನಿಂದ ತಾನು ಯಾರನ್ನು ಅಣ್ಣ ಎಂದು ಕರೆಯುತ್ತಿದ್ದೆ ಎಂದು ಮಗಳಿಗೆ ಆಗ ಗೊತ್ತಾಯಿತು. ತಂತಿಯ ಹತ್ತಿರ ಓಡಿದಳು. ಟೋಪಿ ಮೂಸಿದಳು, ಬನಿಯನ್ನು ಮೂಸಿದಳು, ಕಾಲುಚೀಲದ ಒಳಗನ್ನು ಹೊರಗೆ ಮಾಡಿ ಮೂಸಿದಳು. ಸೋಪು, ಬಿಸಿಲು. ಬೇರೆ ಏನೂ ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕುಸಿದು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

"ಬೈಯಮ್ಮ. ಎರಡು ಬಾರಿಸಾದ್ರೂ ಬಾರಿಸು."

"ಬೈದು ಏನ್ಮಾಡ್ಲಿ? ನಾನೇ ಕಲಿಸಿದ ಕೆಲಸ. ಚೆನ್ನಾಗೇ ಒಗೆದಿದೀಯ."

ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು.

"ಅಮ್ಮ, ಅಳಬಾರದು ಅಂದಿದಾರೆ."

"ಗೊತ್ತು. ಕತ್ತರಿ ತಗೊಂಡ್ಬಾ."

ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಹೊಸ ಹತ್ತಿಯನ್ನೆಲ್ಲ ಕಿತ್ತು ಹಾಕಿದರು. ತಾಯಿ ಒಂದೊಂದೇ ಬಟ್ಟೆ ಸವರಿ, ಮಡಿಸಿ ಕೊಟ್ಟಳು. ಮಗಳು ಅದನ್ನು ಡುಮ್ಮಣ್ಣನ ಹೊಟ್ಟೆಗೆ ಸೇರಿಸುತ್ತ ಹೋದಳು. ಮತ್ತೆ ಜೋಲು ಬೀಳದಿರಲಿ ಎಂದು ಹೆಬ್ಬೆರಳಿನಿಂದ ಅದುಮಿ ಅದುಮಿ ತುಂಬುತ್ತಿದ್ದಾಗ ತಾಯಿ ಅವಳ ಕೈ ಹಿಡಿದಳು.

"ಅಷ್ಟು ಬಿಗಿಯಾಗಿ ತುಂಬಬೇಡ ಕಣೆ. ಅವನಿಗೆ ಉಸಿರಾಡೋದೇ ಕಷ್ಟ ಇತ್ತು."