ಬೈಯುವವಳು

ಬೇಕರಿಯಮ್ಮನ ಕಣ್ಣು ತಪ್ಪಿಸಿ ಒಂದು ಬಿಸ್ಕತ್ತಿನ ಚೂರನ್ನು ಬಾಯಿಗೆ ಹಾಕಿಕೊಳ್ಳುವುದು ಯಾರಪ್ಪನಿಂದಲೂ ಆಗದ ಕೆಲಸ. ಗಂಡನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಕೇಕು ಬೇಯಿಸಿದವನು ಆತ, ರುಚಿ ನೋಡಿದವಳು ಆಕೆ. ಓವನ್‌ನಿಂದ ಟ್ರೇ ಹೊರಗೆ ಬಂದ ಕೂಡಲೇ ಎಣಿಸುವಳು, ಅದು ಮುಂಭಾಗದ ಅಂಗಡಿಗೆ ಹೋಗುವಾಗ ಮತ್ತೆ ಎಣಿಸುವಳು. ಒಂದು ಕಡಿಮೆಯಾಯಿತೋ, ಮುದುಕನ ಗ್ರಹಚಾರ ಬಿಡಿಸುವಳು. ಹೆಂಗಸಿನ ಬಾಯಿ ಜೋರು, ಇಲ್ಲವೆನ್ನಲಾರೆ. ಆದರೆ ಆ ಬಾಯಿಯ ಹಿಂದೆ ಇದ್ದದ್ದು ಬರೀ ಭಯ. ಇದೇ ಕಾಯಿಲೆಯಲ್ಲಿ ಆಕೆಯ ಅಪ್ಪ ಮೊದಲು ಕಾಲು, ಆಮೇಲೆ ಜೀವ ಕಳೆದುಕೊಂಡಿದ್ದ.

ಹೋದ ವರ್ಷದಿಂದ ಮುದುಕ ಹನ್ನೊಂದು ಗಂಟೆಯ ಹೊತ್ತಿಗೆ ತೊದಲತೊಡಗಿದ. ಬೆವರುವನು, ಕೈ ನಡುಗುವುದು, ಹಿಟ್ಟು ಹದಕ್ಕೆ ಬಂತೋ ಇಲ್ಲವೋ ತಿಳಿಯದೆ ಸುಮ್ಮನೆ ನಿಲ್ಲುವನು. ಕದ್ದು ತಿಂದಿದ್ದಾನೆ, ಸಕ್ಕರೆ ಏರಿದೆ ಎಂದೇ ಆಕೆಯ ತೀರ್ಮಾನ. ಟ್ರೇಯ ಎಣಿಕೆ ಸರಿಯಿದ್ದರೂ ನಂಬಲಿಲ್ಲ. ಕತ್ತರಿಸಿದ ಅಂಚಿನ ಚೂರುಗಳನ್ನು ಯಾರು ಎಣಿಸುತ್ತಾರೆ? ಅವತ್ತು ಆತನ ಊಟ ಅರ್ಧಕ್ಕೆ ಇಳಿಸುವಳು, ಮಾತ್ರೆ ಮಾತ್ರ ಪೂರ್ತಿ ನುಂಗಿಸುವಳು. ಪಾಪ, ಆತ ತಟ್ಟೆ ಎತ್ತಿಟ್ಟು ಕೈ ತೊಳೆಯುವನು.

ಒಂದು ದಿನ ಓವನ್ ಮುಂದೆಯೇ ಬಿದ್ದು ಆಸ್ಪತ್ರೆ ಸೇರಿದಾಗ ಗೊತ್ತಾಯಿತು, ಸಕ್ಕರೆ ಏರಿದ್ದಲ್ಲ, ಇಳಿದದ್ದು. ವಯಸ್ಸಾದವರಿಗೆ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ, ಇಷ್ಟು ಬಿಗಿ ಹಿಡಿಯಬಾರದು ಎಂದು ಡಾಕ್ಟರಮ್ಮ ಮಾತ್ರೆ ಕಡಿಮೆ ಮಾಡಿದರು. ಮತ್ತೆ ಮತ್ತೆ ಹೀಗೆ ಇಳಿದು ಮೆದುಳಿಗೂ ಪೆಟ್ಟು ಬಿದ್ದಿರಬಹುದು, ಮರೆವು ಹೆಚ್ಚಬಹುದು ಎಂದರು. ಇನ್ನು ಮೇಲೆ ಬೆವರಿದರೆ, ತೊದಲಿದರೆ, ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಬೇಕು. ತಡಮಾಡಿದರೆ ಜೀವಕ್ಕೇ ಕುತ್ತು. ಅಯ್ಯೋ, ಬೇಕರಿಯಮ್ಮ ಮಾಡಿದ್ದೇನು? ಏನೂ ಕದಿಯದವನನ್ನು ಕಳ್ಳನೆಂದು ಒಂದು ವರ್ಷ ಹಸಿವಿನಲ್ಲಿಟ್ಟಿದ್ದಳು.

ಮೂರು ತಿಂಗಳಲ್ಲಿ ಆತ ಆಕೆಯ ಗುರುತನ್ನೇ ಮರೆತ. ಮೊನ್ನೆ ಬೆಳಗ್ಗೆ ಮಾತ್ರೆ ನುಂಗಿದವನು ಎಷ್ಟು ಬೇಡಿಕೊಂಡರೂ ತಿಂಡಿ ಮುಟ್ಟಲಿಲ್ಲ. ಹನ್ನೊಂದರ ಹೊತ್ತಿಗೆ ಕುರ್ಚಿಯಲ್ಲಿ ಕೂತಲ್ಲೇ ಅಂಗಿ ಬೆವರಿನಲ್ಲಿ ಒದ್ದೆಯಾಯಿತು. ಆಕೆ ಸಕ್ಕರೆ ನೀರಿನ ಲೋಟ ಹಿಡಿದು ಓಡಿ ಬಂದು ತುಟಿಗೆ ತಾಗಿಸಿದಳು. ಸಿಹಿ ನಾಲಗೆಗೆ ತಗಲಿದ್ದೇ ತಡ, ಮುದುಕ ಮುಖ ತಿರುಗಿಸಿದ.

“ಬೇಡಮ್ಮ. ನನ್ನ ಹೆಂಡ್ತಿಗೆ ಗೊತ್ತಾದ್ರೆ ಬೈತಾಳೆ.”

ನಾನೇ ನಿಮ್ಮ ಹೆಂಡತಿ ಎಂದಳು. ಆತ ನಂಬಲಿಲ್ಲ, ತನ್ನ ಹೆಂಡತಿ ಜಪ್ಪಯ್ಯ ಅಂದರೂ ಸಿಹಿ ಕೊಡುವವಳಲ್ಲ ಎಂದು ತೊದಲಿದ. ಅವಳೇ ಕಳಿಸಿದ್ದು ಎಂದಳು, ಅದಕ್ಕೂ ಜಗ್ಗಲಿಲ್ಲ. ಗದರಿದಳು, ಕಾಲು ಹಿಡಿದಳು. ರೆಪ್ಪೆ ಜೋತುಬೀಳತೊಡಗಿತ್ತು. ಆಕೆ ಇಷ್ಟು ವರ್ಷ ಕಲಿಸಿದ ಭಯವೇ ಆತನ ಬಾಯಿ ಮುಚ್ಚಿ ಹಿಡಿದಿತ್ತು.

ಕೊನೆಗೆ ಆತನ ಗಲ್ಲ ಎತ್ತಿ ಹೇಳಿದಳು: “ನಿಮ್ಮ ಹೆಂಡ್ತಿ ತೀರ್ಕೊಂಡ್ಳು, ರೀ. ಇನ್ಮೇಲೆ ಬೈಯೋರು ಯಾರೂ ಇಲ್ಲ. ಕುಡೀರಿ.”

ಮುದುಕ ಆಕೆಯ ಮುಖವನ್ನೇ ನೋಡಿದ. “ಯಾವಾಗ?”

“ಈಗಷ್ಟೇ.”

ಆತನ ಬಾಯಿ ಅಳುವಿಗೆ ತೆರೆಯಿತು. ಆಕೆ ಗುಟುಕು ಗುಟುಕಾಗಿ ಕುಡಿಸಿದಳು. ಆತ ಅಳುತ್ತ ನುಂಗಿದ. ಲೋಟ ಬರಿದಾಗಿ, ಮೈ ಬೆವರು ಆರಿದ ಮೇಲೂ ಅಳು ನಿಲ್ಲಲಿಲ್ಲ. ಅವಳು ತುಂಬ ಒಳ್ಳೆಯವಳಾಗಿದ್ದಳು ಎಂದು ಗುರುತಿಲ್ಲದ ಆ ಹೆಂಗಸಿನ ಹತ್ತಿರ ಹೇಳಿಕೊಂಡು ಅತ್ತ. ಹೌದಂತೆ, ನಾನೂ ಕೇಳಿದ್ದೇನೆ ಎನ್ನುತ್ತ ಬೇಕರಿಯಮ್ಮ ಆತನ ಬೆನ್ನು ಸವರುತ್ತ ಕೂತಳು.