ಕೆಂಪಕ್ಕನ ಹೆಬ್ಬೆರಳು

ಬಸ್ಸಿನ ಕಿಟಕಿಯ ಗಾಜು ಚೌಕಟ್ಟಿನೊಳಗೆ ಲೊಟಲೊಟ ಅಲ್ಲಾಡುತ್ತಿದೆ, ಒಣಗಿದ ಕಾಯಿಯೊಳಗೆ ಕೊಬ್ಬರಿ ಆಡುವ ಹಾಗೆ — ಅಲ್ಲ, ಹಾಗಲ್ಲ, ಇದು ಬರಿಯ ಸಡಿಲು, ಕೊಬ್ಬರಿಯ ಸದ್ದಿನಲ್ಲಿ ಒಂದು ಗಟ್ಟಿತನವಿರುತ್ತದೆ ಎಂದು ಗಿರಿಜಾಂಬಿಕೆಯ ಕಿವಿ ತನ್ನಷ್ಟಕ್ಕೆ ತಿದ್ದಿಕೊಂಡಿತು, ಹದಿನೆಂಟು ವರ್ಷ ಎಂಜಿನಿಯರಿಂಗ್ ಪಾಠ ಹೇಳಿದವಳಿಗೆ ಹೋದ ವರ್ಷದವರೆಗೂ ಈ ಭೇದ ತಿಳಿದಿರಲಿಲ್ಲವಲ್ಲ, ಅಪ್ಪ ಏಕಾಂತಯ್ಯನವರು ಇದ್ದಿದ್ದರೆ ನಗುತ್ತಿದ್ದರು, ಚಿಕ್ಕನಾಯಕನಹಳ್ಳಿಯ ಜಗುಲಿಯಲ್ಲಿ ಬೆಳಗಿನ ಜಾವ ಕಾವ್ಯ ಓದಿಸುವಾಗ ಮಗಳ ಬಾಯಲ್ಲಿ ಒಂದು ಮಾತ್ರೆ ಜಾರಿದರೂ ಕಂಬದ ಮೇಲೆ ತಾಳ ಹಾಕುತ್ತಿದ್ದ ಅವರ ಬೆರಳು ನಿಂತುಬಿಡುತ್ತಿತ್ತು, ಮೊದ್ಲು ಕೇಳು ಮಗ, ಆಮೇಲೆ ಬಾಯಿ ಬಿಡು, ಬೈದದ್ದಿಲ್ಲ, ಬೆರಳು ನಿಲ್ಲುತ್ತಿತ್ತು, ಅಷ್ಟೆ — ಅದೇ ಅಪ್ಪ ಇಸವಿ ಅರವತ್ತರಲ್ಲಿ ಅವಳನ್ನು ಬೆಂಗಳೂರಿನ ಕಾಲೇಜಿಗೆ ಬಿಟ್ಟು ಬಂದರು, ಮೂವತ್ತೊಂಬತ್ತು ಹುಡುಗರು, ಅವಳೊಬ್ಬಳು, ಲೇತಿನ ಮುಂದೆ ಸೆರಗು ಬಿಗಿದು ನಿಂತರೆ ಹಿಂದಿನಿಂದ ಯಾರೋ, ಏನಮ್ಮ, ಇದ್ರಲ್ಲಿ ಕಡುಬು ಬೇಯಿಸ್ತೀಯಾ, ಮುಂದೆ ಅದೇ ಲೇತಿನ ಪಕ್ಕದಲ್ಲಿ ನಿಂತು ಪಾಠ ಹೇಳಿದಳು, ಪ್ರೊಫೆಸರಾದಳು, ಹಾಗೆ ಪ್ರೊಫೆಸರಾಗಿ ಊರ ಕಡೆ ಬಂದ ದಿನ ಊರಲ್ಲಿ ಕೊಬ್ಬರಿ ಮಾಡುವ ಕೆಂಪಕ್ಕನ ಹೆಬ್ಬೆರಳು ಕಂಡಿತು, ಉಗುರಿಲ್ಲದ ಹೆಬ್ಬೆರಳು, ಕೊಬ್ಬರಿಗೆಂದು ಚಿಪ್ಪು ಒಡೆಯುವಾಗ ಮಚ್ಚು ತಪ್ಪಿ ಹೋದದ್ದು, ಬಹಳ ನೋವಾಯ್ತಾ ಕೆಂಪಕ್ಕ ಎಂದು ಕೇಳಿದರೆ, ಕೊಬ್ಬರಿ ಬಿರುಕು ಬಿಡ್ಲಿಲ್ಲ ಬುಡವ್ವ — ಆ ಮಾತೇ ಕಾಲೇಜಿಗೆ ರಜೆ ಹಾಕಿಸಿತು, ತಿಪಟೂರಿನಲ್ಲಿ ಶೆಡ್ಡು ಕಟ್ಟಿಸಿತು, ಲೇತ್ ಕೆಲಸದ ಮೆಹಬೂಬ್ ಪಾಷಾನನ್ನು ಜೊತೆಗೆ ತಂದಿತು, ಚಿಪ್ಪನ್ನಷ್ಟೇ ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ಉಳಿಸುವ ಯಂತ್ರ, ಹೋದ ವರ್ಷ ಮೊದಲು ನಂಬಿ ಕಾಯಿ ಕೊಟ್ಟವಳೂ ಕೆಂಪಕ್ಕನೇ, ಕಾಯಿ ಒಣಗಲು ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ತುಂಬಿತೆಂದು ಇವಳು ಕ್ಯಾಲೆಂಡರು ತೋರಿಸಿದಳು, ಒಂದೊಂದನ್ನೂ ಅಲ್ಲಾಡ್ಸಿ ನೋಡವ್ವ ಎಂದು ಕೆಂಪಕ್ಕ ಅಂದದ್ದಕ್ಕೆ ಇವಳು ನಕ್ಕಳು, ಒಲೆಯ ಹೊಗೆ ತಾಗದ ಮೂಲೆಯ ಕಾಯಲ್ಲಿ ಕೊಬ್ಬರಿ ಇನ್ನೂ ಚಿಪ್ಪಿಗೇ ಅಂಟಿಕೊಂಡಿತ್ತು, ಇನ್ನೂರು ಕಾಯಿ ಚೂರುಚೂರು, ಕೆಂಪಕ್ಕ ಬುಟ್ಟಿ ಎತ್ತಿಕೊಂಡು, ನಿನ್ ಮಿಸಿನು ಕೊಬ್ಬರಿ ಮಾಡ್ತದೋ ಚಟ್ನಿ ಮಾಡ್ತದೋ, ಎಂದು ಹೊರಟಳು, ಈ ವರ್ಷ ಊರೆಲ್ಲ ಬೇಡವೆಂದರೂ ತಾನಾಗಿಯೇ ಹೇಳಿಕಳಿಸಿದಳು, ಬತ್ತೀನಿ, ಕಾಯಿ ತತ್ತೀನಿ ಅಂತ, ಇಂಥವರನ್ನು ಯಾವ ಪುಣ್ಯಕ್ಕೆ ಕೊಟ್ಟೆಯಪ್ಪ ಶಿವನೇ — ಆದರೆ ಈ ಸಲವೂ ಕೊಬ್ಬರಿ ಒಡೆದರೆ ಶೆಡ್ಡಿಗೆ ಬೀಗ ಹಾಕಿ ಕಾಲೇಜಿಗೆ ಮರಳುವುದು, ಇನ್ನು ಯಾರ ಅಟ್ಟದ ಕಾಯಿಯನ್ನೂ ಕೇಳುವ ಮುಖವಿರುವುದಿಲ್ಲ.

ಅವಳು ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಕೆಂಪಕ್ಕನ ಕಾಯಿಗಾಡಿ ನಿಂತಿತ್ತು, ಮೆಹಬೂಬ್ ಪಾಷಾ ಎಣ್ಣೆಗೈಯಲ್ಲೇ, ಮೇಡಂ, ಮಿಷಿನ್ ಹಲ್ಲು ಇನ್ನೊಂದು ನೂಲಿನಷ್ಟು ಹಿಂದಕ್ಕೆ ತಗೊಂಡಿದೀನಿ, ಕೊಬ್ಬರಿ ಒಡೆದ್ರೆ ನನ್ ಮೀಸೆ ಬೋಳಿಸ್ಕೋತೀನಿ, ಅದಕ್ಕೆ ಕೆಂಪಕ್ಕ, ನಿನ್ ಮೀಸೆ ತಕೊಂಡು ನಾನೇನ್ ಮಾಡ್ಲಪ್ಪ, ಸಾರಿಗೆ ಹಾಕಕ್ಕಾಯ್ತದಾ, ಎಂದು ಒಂದು ಕಾಯಿ ಎತ್ತಿದಳು, ತನ್ನ ಕಿವಿಗೆ ಹಿಡಿಯಲಿಲ್ಲ, ಗಿರಿಜಾಂಬಿಕೆಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ನೀನೇ ಹೇಳು ಗಿರಿಜವ್ವ, ಎಷ್ಟು ಹುಡುಗರನ್ನು ಬಾಯಿಮಾತಿನ ಪರೀಕ್ಷೆಯಲ್ಲಿ, ವೈವಾದಲ್ಲಿ, ನಿಲ್ಲಿಸಿ ಬೆವರಿಳಿಸಿದ್ದಳೋ, ಈಗ ಪರೀಕ್ಷೆ ಗಿರಿಜಾಂಬಿಕೆಗೇ, ಕಣ್ಣು ಮುಚ್ಚಿದಳು, ದಪ್ಪ ಸದ್ದು, ಒಳಗೆ ಎಲ್ಲೋ ಒಂದು ಕಡೆ ಹಿಡಿದುಕೊಂಡ ಹಾಗೆ, ಇದಿನ್ನೂ ಆಗಿಲ್ಲ ಕೆಂಪಕ್ಕ, ಕೆಂಪಕ್ಕ ಅದನ್ನು ಪಕ್ಕಕ್ಕಿಟ್ಟಳು, ಎರಡನೆಯದು, ಟಕ್ ಟಕ್, ಬಿಡಿಬಿಡಿಯಾಗಿ, ಮಾತ್ರೆ ತಪ್ಪದ ಸಾಲಿನ ಹಾಗೆ, ಇದು ಆಗಿದೆ, ಕೊಡಿ — ಕೇಳುವುದನ್ನು ಕಲಿಸಿದವರೆಲ್ಲ ಈಗ ಇಲ್ಲೇ ಎಲ್ಲೋ ನಿಂತಿದ್ದಾರೆ, ಮೋಟಾರು ಗುಂಯ್‌ಗುಟ್ಟಿತು, ಹಲ್ಲು ಕಚ್ಚಿತು, ಚಿಪ್ಪು ಎರಡಾಗಿ ಕಳಚಿ ಬಿತ್ತು, ಕೊಬ್ಬರಿ ಉರುಳಿಕೊಂಡು ಕೆಂಪಕ್ಕನ ಅಂಗೈಗೆ, ಅವಳು ಅದನ್ನು ಬೆಳಕಿಗೆ ಹಿಡಿಯುತ್ತಾಳೆ, ಬಿರುಕು ಹುಡುಕುತ್ತ ಆ ಹೆಬ್ಬೆರಳು ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಸುತ್ತ, ಮತ್ತೆ ಸುತ್ತ, ಈಗ ನಿಲ್ಲುತ್ತದೆ, ಅಪ್ಪನ ಬೆರಳು ನಿಲ್ಲುತ್ತಿದ್ದ ಹಾಗೆ ಇಗೋ ಈಗ ನಿಲ್ಲುತ್ತದೆ — ನಿಲ್ಲಲಿಲ್ಲ, ಉಗುರಿಲ್ಲದ ಹೆಬ್ಬೆರಳು, ಸುತ್ತುತ್ತಲೇ ಇದೆ, ಎಲ್ಲೂ ನಿಲ್ಲದೆ, ಆ ಹೆಬ್ಬೆರಳು.