ಬಲಕ್ಕೆ ವಾಲುವ ಸೀಟು

ಫ್ಯಾನ್ ತರಲು ಹೋದವನು ಮೋಟಾರ್ ಸೈಕಲ್ ತಂದೆ. ಹೇಗೆ ಹೇಳಿದರೂ ಇದು ಬುದ್ಧಿವಂತರ ಕೆಲಸ ಅನ್ನಿಸುವುದಿಲ್ಲ, ಆದ್ದರಿಂದ ನೇರವಾಗಿಯೇ ಹೇಳಿಬಿಡುತ್ತೇನೆ.

ನನ್ನ ಕಸುಬು ಗಾಡಿಗಳ ಸೀಟು ಹೊಲಿಯುವುದು. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ತೆಗೆದು, ಹೊಸದು ಕೂರಿಸಿ ಹೊಲಿಗೆ ಹಾಕಿದ ಮೇಲೆ ಗಿರಾಕಿಯ ಗಾಡಿಯಲ್ಲಿ ನಾನೇ ಒಂದು ಸುತ್ತು ಹೋಗಿಬರುತ್ತೇನೆ. ಸೀಟಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಕೂತರೆ ಮಾತ್ರ ಗೊತ್ತಾಗುತ್ತದೆ. ಹಾಗೆ ಊರಿನ ಗಾಡಿಗಳನ್ನೆಲ್ಲ ಓಡಿಸಿದವನಿಗೆ ಸ್ವಂತದ್ದೆಂಬುದು ಒಂದೂ ಇರಲಿಲ್ಲ. ಹೆಂಡತಿ ರೇಗಿಸುತ್ತಿದ್ದಳು: “ಊರವರ ಕುಂಡಿಗೆಲ್ಲ ಮೆತ್ತೆ ಹೊಲಿದ್ರಿ. ನನಗೆ ಮಾತ್ರ ಬಸ್ಸಿನ ಕಂಬಿ!”

ಒಮ್ಮೆ ಮೆಟ್ಟಿಲಿಂದ ಬಿದ್ದು ಅವಳ ಎಡ ಸೊಂಟ ಹಾಳಾಗಿತ್ತು. ಎಲ್ಲಿ ಕೂತರೂ ಎಡಗಡೆಗೆ ಒಂದು ಟವೆಲ್ ಮಡಿಸಿ ಇಡಬೇಕು. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಅದು ನನ್ನ ಕೆಲಸ. ಚಳಿ ಶುರುವಾಗುವ ಹೊತ್ತಿಗೆ ಅವಳು ತೀರಿಹೋದಳು. ಅಂದಿನಿಂದ ಮನೆಯಲ್ಲಿ ನಾನು, ಮಗಳು ಇಬ್ಬರೇ. ಉಪ್ಪು ಬೇಕೇ, ಸಾಕೇ ಅನ್ನುವಷ್ಟೇ ಮಾತು.

ಸೆಕೆ ಬಂತು, ಮಗಳ ಕೋಣೆಯ ಫ್ಯಾನ್ ಕೆಟ್ಟಿತು. ಹೊಸದು ತರಲು ಹೊರಟವನನ್ನು ದಾರಿಯಲ್ಲಿ ಮೆಕ್ಯಾನಿಕ್ ಕೂಗಿ ಕರೆದ. ಗ್ಯಾರೇಜಿನ ಮುಂದೆ ಹಳೆಯದೊಂದು ಕೆಂಪು ಮೋಟಾರ್ ಸೈಕಲ್, ಸೀಟೆಲ್ಲ ಚಿಂದಿ.

“ಯಜಮಾನ್ರೇ, ಇದಕ್ಕೊಂದು ಸೀಟು ಹಾಕ್ಕೊಡಿ. ಮಾರಾಟಕ್ಕಿಟ್ಟಿದ್ದೀನಿ.”

“ಯಾರಿಗೆ?”

“ತಗೊಳ್ಳೋರಿಗೆ.”

“ಹಾಗಾದ್ರೆ ನನಗೇ ಕೊಡು.”

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಗಾಬರಿಯಾಯಿತು. ಮೆಕ್ಯಾನಿಕ್ ನಕ್ಕ. ನಾನೂ ನಕ್ಕೆ, ಆದರೆ ಅಷ್ಟರಲ್ಲಿ ಫ್ಯಾನಿನ ದುಡ್ಡು ಮುಂಗಡ ಕೊಟ್ಟು ಕೀ ಇಸಿದುಕೊಂಡಾಗಿತ್ತು.

ಆ ಹರಕು ಸೀಟಿನ ಮೇಲೆ ಕೂತು ಹೊರಟಾಗ ಆದ ಖುಷಿಯನ್ನು ಏನೆಂದು ಹೇಳಲಿ! ಒಳಗಿನ ತಗಡು ಒತ್ತುತ್ತಿತ್ತು, ಸೈಲೆನ್ಸರ್ ಕೆಮ್ಮುತ್ತಿತ್ತು, ಹಲ್ಲು ಉದುರುವ ವಯಸ್ಸಿನ ನಾನು ಮೆಕ್ಯಾನಿಕ್ ಕೊಟ್ಟ ಹೆಲ್ಮೆಟ್ಟಿನೊಳಗೆ ಒಬ್ಬನೇ ನಗುತ್ತಿದ್ದೆ. ಬೇಕೆಂದೇ ಮಾರುಕಟ್ಟೆ ಬಳಸಿಕೊಂಡು ದೂರದ ದಾರಿ ಹಿಡಿದೆ. ಮನೆ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿ ಕೂಗಿದೆ:

“ಏ, ಬಾರೇ ಇಲ್ಲಿ! ಏನು ತಂದಿದ್ದೀನಿ ನೋಡು!”

ಬಾಗಿಲಿಗೆ ಬಂದವಳು ಮಗಳು. ಆ ಗಳಿಗೆಯವರೆಗೂ ಹೆಂಡತಿ ಇಲ್ಲವೆಂಬುದೇ ನನಗೆ ಮರೆತುಹೋಗಿತ್ತು.

“ಅಮ್ಮ ಹೋಗಿ ಇನ್ನೂ ವರ್ಷ ಆಗಿಲ್ಲ,” ಎಂದಳು ಮಗಳು. “ಇಷ್ಟು ಬೇಗ ಹೇಗಪ್ಪಾ ಖುಷಿಯಾಗುತ್ತೆ ನಿನಗೆ?”

ಕರೆದದ್ದು ನಿನ್ನಮ್ಮನನ್ನೇ ಎಂದು ಹೇಳಬೇಕಿತ್ತು. ಅದರ ಬದಲು ಗಾಡಿಯ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಹೆಂಡತಿಯಂತೂ ಹೋದಳು, ಈಗ ಮಗಳೂ ಕೈತಪ್ಪಿದಳು ಅನ್ನಿಸಿತು.

ಸಂಕಟಕ್ಕೆ ನನಗೆ ಗೊತ್ತಿರುವ ಮದ್ದು ಕೆಲಸವೊಂದೇ. ಮರುದಿನ ಅಂಗಡಿಯಲ್ಲಿ ಕೂತು ಆ ಸೀಟು ಹೊಲಿದೆ. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಕೆಲಸ ಮುಗಿಸಿತು. ಸಂಜೆ ಮಗಳನ್ನು ಕರೆದೆ.

“ಹಿಂದಿನ ಸೀಟು ನೋಡೋಕೆ ಒಬ್ಬರು ಬೇಕು. ಸರಿಯಿದ್ರೆ ಗಾಡಿ ಮಾರಿಬಿಡ್ತೀನಿ.”

ಮಾರುವ ಮಾತಿಗೇ ಬಂದಳೇನೋ. ಮುಖ ಊದಿಸಿಕೊಂಡೇ ನನ್ನ ಹಿಂದೆ ಹತ್ತಿ ಕೂತಳು.

“ಅಪ್ಪಾ, ಎಡಗಡೆ ಉಬ್ಬಿದೆ. ಬಲಕ್ಕೆ ಜಾರ್ತೀನಿ.”

“ನಾನು ಹೊಲಿದ ಸೀಟು ವಾಲುತ್ತಾ? ನೆಟ್ಟಗೆ ಕೂತ್ಕೋ.”

ಆದರೂ ಇಳಿದು, ಅವಳನ್ನೂ ಇಳಿಸಿ ಕೈಯಿಟ್ಟು ನೋಡಿದೆ. ಎಡಗಡೆ ಸ್ಪಂಜು ಒಂದು ಪದರ ಹೆಚ್ಚಿತ್ತು, ಮಡಿಸಿದ ಟವೆಲ್ಲಿನಷ್ಟು ದಪ್ಪ. ಅದನ್ನು ಯಾವಾಗ ಇಟ್ಟೆನೋ ದೇವರಾಣೆಗೂ ನನಗೆ ಗೊತ್ತಿಲ್ಲ.

“ಬಿಚ್ಚಿ ಸರಿ ಮಾಡ್ತೀನಿ,” ಎಂದೆ.

ಮಗಳು ನನ್ನ ಕೈ ಪಕ್ಕ ತನ್ನ ಕೈಯಿಟ್ಟು ಮೆಲ್ಲಗೆ ಒತ್ತಿದಳು. ಆ ದಪ್ಪ ಅವಳಿಗೂ ಗೊತ್ತು. ನಾನಿಲ್ಲದಾಗ ಟವೆಲ್ ಮಡಿಸಿಡುತ್ತಿದ್ದವಳು ಅವಳೇ.

“ನಿನ್ನೆ ಕೂಗಿದ್ದು ಅಮ್ಮನ್ನಾ?”

ಹೌದೆಂದು ತಲೆಯಾಡಿಸಿದೆ. ಅಮ್ಮ ಹೋದ ದಿನವೂ ಅಳದಿದ್ದ ಹುಡುಗಿ ಸೀಟಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು, ಬಿಚ್ಚಲು ಬಿಡದೆ, ವಾಲುವ ಸೀಟಿನ ಮೇಲೆಯೇ ಮತ್ತೆ ಹತ್ತಿ ಕೂತಳು.

“ಎಲ್ಲಿಗೆ ಹೋಗೋಣ ಅಂತ ತಂದೆ ಇದನ್ನ?”

“ಗೊತ್ತಿಲ್ಲ ಮಗಳೇ. ನಿನ್ನಮ್ಮನ್ನೇ ಕೇಳೋಣ ಅಂತಿದ್ದೆ.”